ಹೊಸ್ತಿಲಿಗೆ ಹೇಳಿದ ಮಾತು

ಶಿಕಾರಿಪುರ
12 ಫೆಬ್ರವರಿ 2025

ಪ್ರೀತಿಯ ರಜನಿಗೆ,

ನೆಲ ಮುಟ್ಟದ ನಿನ್ನ ಎರಡೂ ಕಾಲಿನ ಕಿರುಬೆರಳನ್ನು ಆಡಿಕೊಂಡು ನಿನ್ನನ್ನು ಅಳಿಸುತ್ತಿದ್ದ ಎದುರು ಮನೆಯ ನೀಲಾಂಬಿಕ ಬರೆಯುವುದು. ಫೋನಿನಲ್ಲಿ ಆಡುವ ಮಾತಲ್ಲ ಎಂದು ನೀನು ಕಾಗದ ಬರೆದೆ, ನಾನೂ ಬರೆಯುತ್ತಿದ್ದೇನೆ.

ರಸ್ತೆ ಅಗಲ ಮಾಡಲು ನಿಮ್ಮ ಸಾಲಿನ ಮನೆಗಳನ್ನು ಜೆಸಿಬಿ ಕೆಡವಿದಾಗ ನಾನು ಒಡೆದ ಹೆಂಚು, ಕಾವಿ ನೆಲದ ಚೂರು, ಗೋಡೆಗೂಡಿನ ಮಸಿ ಹಿಡಿದ ಇಟ್ಟಿಗೆ ಹೆಕ್ಕುತ್ತಿದ್ದೆನಲ್ಲ, ಅದನ್ನೆಲ್ಲ ಸೇರಿಸಿ ಹಿತ್ತಲಲ್ಲಿ ಒಂದು ಬಾಗಿಲು ಕಟ್ಟಿದೆ. ಹಿಂದೆ ಮನೆಯಿಲ್ಲ, ಬರೀ ಬಾಗಿಲು. ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದವಳ ಹುಚ್ಚು ಎಂದುಕೊ. ಅದಕ್ಕೆ ನಿಮ್ಮ ಮನೆಯ ಹೊಸ್ತಿಲನ್ನೇ ಇಟ್ಟೆ.

ಮನೆ ಬಿಟ್ಟ ದಿನ ನಿನ್ನಮ್ಮ ಹೂವಮ್ಮತ್ತೆ ಆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮಗುವಿನ ತಲೆ ಸವರಿದ ಹಾಗೆ ಸವರಿ, ಬರ್ತೀನವ್ವಾ ಅಂದಿದ್ದರು. ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ, ನಾವೆಲ್ಲ ಹಾಗೇ ಅನ್ನುವುದು. ಆಮೇಲೆ ನಿನ್ನ ಜೊತೆ ನಿನ್ನ ಗಂಡನ ಊರು ಜಡೆಗೆ ಬಸ್ಸು ಹತ್ತಿದರು.

ಈಗ ಅತ್ತೆ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅಲುಗಿಸಿದರೂ ಏಳುವುದಿಲ್ಲ, ಏಳುವ ಹೊತ್ತು ದಿನದಿನಕ್ಕೂ ತಡವಾಗುತ್ತಿದೆ, ಎದ್ದಾಗ ಅಂಗಾಲಿನಲ್ಲಿ ಕೆಂಪು ಪುಡಿ ಇರುತ್ತದೆ ಎಂದು ಬರೆದಿದ್ದೀಯ. ಡಾಕ್ಟರು ಏನೂ ಇಲ್ಲ ಅಂದರಂತೆ. ಪಕ್ಕದಲ್ಲಿ ಕೂತರೆ ನಿನಗೂ ಜೋಂಪು ಹತ್ತುತ್ತದಂತೆ.

ಆ ಪುಡಿ ನನ್ನದು ಕಣೇ. ಗಾರೆಗೆ ಬಣ್ಣ ಬರಲೆಂದು ಇಟ್ಟಿಗೆ ಪುಡಿಯನ್ನು ಜರಡಿ ಹಿಡಿದು ಬಾಗಿಲಿನ ಮುಂದೂ ಹಿಂದೂ ಹರವಿರುತ್ತೇನೆ. ಮಧ್ಯಾಹ್ನ ಅದರ ಮೇಲೆ ಬರಿಗಾಲಿನ ಹೆಜ್ಜೆ ಮೂಡುತ್ತದೆ. ಹೊಸ್ತಿಲವರೆಗೆ ಬರುತ್ತದೆ, ಆಚೆಗಿನ ಪುಡಿಯಲ್ಲಿ ಗುರುತೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸು ಹೋದ ಹೆಜ್ಜೆ ಕಾಣುತ್ತದೆ. ನನಗೆ ಮೊದಲು ಹೆದರಿಕೆಯಾಗಲಿಲ್ಲ. ಕೇರಿ ಖಾಲಿಯಾದ ಮೇಲೆ ನನ್ನ ಮನೆಗೆ ಯಾರೂ ಬರುತ್ತಿರಲಿಲ್ಲ. ಯಾರೋ ಬಂದರಲ್ಲ ಎಂದು ಸಂತೋಷವೇ ಆಯಿತು, ದಿನಾ ಪುಡಿ ಹರವುತ್ತಾ ಹೋದೆ.

ಬಾಗಿಲು ಒಡೆದುಹಾಕು ಎಂದಿದ್ದೀಯ. ನಿನ್ನೆ ಕಾಗದ ಓದಿದ ಕೂಡಲೇ ಹಾರೆ ಹಿಡಿದು ಹಿತ್ತಲಿಗೆ ಹೋದೆ. ಹೆಜ್ಜೆ ಒಳಗೆ ಹೋಗಿತ್ತು, ಇನ್ನೂ ಹೊರಗೆ ಬಂದಿರಲಿಲ್ಲ. ಈಗ ಒಡೆದರೆ ಅತ್ತೆ ಯಾವ ದಾರಿಯಲ್ಲಿ ವಾಪಸು ಬರಬೇಕು? ಬೆಳಿಗ್ಗೆ ಅತ್ತೆ ಎಚ್ಚರವಿರುವಾಗ ಒಡೆದರೂ, ಬರ್ತೀನಿ ಎಂದ ಮಾತು ಹಾಗೇ ಉಳಿಯುತ್ತದೆ. ಬಾಗಿಲು ಕಾಣದೆ ಅವರು ಎಲ್ಲಿ ಅಲೆಯಬೇಕು? ಹಾರೆ ಕೆಳಗಿಟ್ಟೆ.

ಇದನ್ನು ಜಡೆ ಕಡೆಯ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕೊಡುತ್ತೇನೆ. ನಾಳೆ ಬೆಳಗಿನ ಬಸ್ಸಿಗೇ ಅತ್ತೆಯನ್ನು ಕರೆದುಕೊಂಡು ಬಾ. ಎಚ್ಚರವಿರುವಾಗ ಹೊಸ್ತಿಲು ಮುಟ್ಟಿ, ನಮ್ಮಲ್ಲಿ ಯಾರೂ ಆಡದ ಆ ಮಾತನ್ನು ಆಡಲಿ, ಹೋಗ್ತೀನಿ ಅನ್ನಲಿ. ಆಮೇಲೆ ನಾನೇ ಒಡೆಯುತ್ತೇನೆ.

ನಿನ್ನ ದಾರಿ ಕಾಯುತ್ತಿರುವ
ನೀಲಾಂಬಿಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಪುಡಿಯ ಮೇಲೆ ಮೂಡುವುದು ಒಬ್ಬರ ಹೆಜ್ಜೆಯಲ್ಲ. ಮೊನ್ನೆಯಿಂದ ಅತ್ತೆಯ ಹಿಂದೆಯೇ ಇನ್ನೊಂದು ಜೊತೆ ಇದೆ. ಅದರ ಎಡಗಾಲಿನಲ್ಲೂ ಬಲಗಾಲಿನಲ್ಲೂ ಕಿರುಬೆರಳಿನ ಗುರುತಿಲ್ಲ. ಗಂಡನ ಮನೆಗೆ ಹೊರಟ ದಿನ ನೀನೂ ಆ ಹೊಸ್ತಿಲಿಗೆ ಬರ್ತೀನಿ ಅಂದಿದ್ದೆ, ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಅಂಗಾಲು ನೋಡಿಕೊ.