ಬಿಸಿಯಾದ ಅಮೃತಶಿಲೆ

ಬರ್ಕಾ, ಒಮಾನ್, ಜೂನ್ ೨೦೦೬

ಮಾಸ್ಟ್ರೇ,

ನೀವು ತೀರಿಹೋಗಿ ಎರಡು ವರ್ಷವಾಯಿತು. ಆದರೂ ಇದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ವಿಕ್ಟೋರಿಯಾ ರಾಣಿಯ ಕಾಲದ ಆ ಚಿತ್ರಕಾರನ ಕತೆಯನ್ನು ಡ್ರಾಯಿಂಗ್ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದಿರಿ! ಅಮೃತಶಿಲೆಯನ್ನು ಬಿಡಿಸಿ ಬಿಡಿಸಿಯೇ ಅವನು ‘ಸರ್’ ಎನಿಸಿಕೊಂಡ. ಸತ್ತ ಮೇಲೆ ಜನ ಅವನ ಚಿತ್ರಗಳನ್ನು ಬರೀ ಚೌಕಟ್ಟಿನ ಆಸೆಗೆ ಕೊಂಡರು. “ಕಲ್ಲಿನ ತಂಪು ಬಣ್ಣದಲ್ಲಿ ಬರಬೇಕು ಇದಿನಬ್ಬ” ಎಂದು ನನ್ನಿಂದ ಪದರದ ಮೇಲೆ ಪದರ ಬಳಿಸುತ್ತಿದ್ದಿರಿ.

ಇಲ್ಲಿ ಮಮ್ಮದಾಕನ ಅತ್ತರಿನ ಅಂಗಡಿಯ ಮುಂದಿನ ಸಿಮೆಂಟು ಕಂಬಕ್ಕೆ ಕಳೆದ ವಾರ ಹಾಗೆಯೇ ಅಮೃತಶಿಲೆಯ ಬಣ್ಣ ಬಳಿದಿದ್ದೆ. ಇವತ್ತು ಊರಿಂದ ಬಂದ ಅವರ ತಾಯಿ, ನಮ್ಮೆಲ್ಲರ ಉಮ್ಮ, ಬಿಸಿಲಿಗೆ ಬಳಲಿ, ತಂಪಿಗೆಂದು ಆ ಕಂಬಕ್ಕೆ ಕೆನ್ನೆ ಒತ್ತಿದರು.

“ಎಂತ ಮೋನೇ ಇದು! ಮಾರ್ಬಲ್ ಇಷ್ಟು ಬಿಸಿ ಉಂಟಲ್ಲ!”

ಕೆನ್ನೆ ಉಜ್ಜಿಕೊಂಡು ಅವರು ನಕ್ಕರು, ನಾನೂ ನಕ್ಕೆ. ಎಷ್ಟೋ ವರ್ಷದ ಭಾರ ಇಳಿದ ಹಾಗಾಯಿತು. ಎಂದೂ ಗೋಡೆಗೆ ಹೆಸರು ಹಾಕದ ನಾನು ಇವತ್ತು ಕಂಬದ ಬುಡದಲ್ಲಿ ಹಾಕಿದೆ.

ಗೋಡೆಗೆ ಬಣ್ಣ ಬಳಿಯುತ್ತೇನೆಂದರೆ ನೊಂದುಕೊಳ್ಳುವಿರೆಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೇನೆಂದು ನಿಮಗೆ ಬರೆಯುತ್ತಿದ್ದೆ. ನಿಮ್ಮ ಕೊನೆಯ ಕಾರ್ಡಿನಲ್ಲಿ ಒಂದೇ ಸಾಲಿತ್ತು: “ಕುಂಚ ಬಿಟ್ಟೆಯಾ ಇದಿನಬ್ಬ?”

ಬಿಟ್ಟಿರಲಿಲ್ಲ ಮಾಸ್ಟ್ರೇ.