ಕಮಿಟ್ ಆಗದ ಓಣಿ

ಸೆಪ್ಟೆಂಬರ್ ೧೫, ನವನಗರ, ಬಾಗಲಕೋಟೆ
ಇಂದೂ ಮುಳುಗಡೆ ಸಂತ್ರಸ್ತರ ಸಂಘದ ಕಚೇರಿ. ನಮ್ಮ ಹಳೆಯ ಓಣಿಯ ಮಕ್ತುಮಬಿ ಹೇಳಿದರು, ಕಚೇರಿಯ ಹುಡುಗಿ ಮೃಣಾಲಿನಿ ಕಂಪ್ಯೂಟರಿಗೆ ಹಾಕಿದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಓಣಿ, ಮನೆ ಮನೆಯಾಗಿ — ಯಾರ ಕಟ್ಟೆ, ಯಾರ ಮಗ್ಗ, ಯಾರ ಬೇವಿನ ಮರ. ನಾನು ಪೆನ್ನು ತೆಗೆದರೆ ರೇಗಿದರು.
"ಕಾಗದ ಬ್ಯಾಡ್ರಿ ಮಾಸ್ತರ್ರ. ಸರ್ವೆದವ್ರು ಕಾಗದದಾಗನ ನನ್ನ ಮನಿ ಬಿಟ್ಟಿದ್ರು. ಬರದ್ರ ಪೂರಾ ಓಣಿ ಬರೀರಿ. ಒಂದ ಮನಿ ಬಿಟ್ರೂ ಎಲ್ಲಾ ಅಳಿಸಿ ಒಗೀರಿ."
ಮಾತು ಕೊಟ್ಟೆ.
ಮೃಣಾಲಿನಿ ನಕ್ಕಳು. "ಡೇಟಾಬೇಸಿನ್ಯಾಗ ಅದಕ್ಕ ಟ್ರಾನ್ಸಾಕ್ಷನ್ ಅಂತಾರ, ಸರ್. ಪೂರಾ ಆದ ಮ್ಯಾಲ ಕಮಿಟ್, ಅಂದ್ರ ಕಾಯಂ. ಅಲ್ಲೀತನಕ ಯಾವುದೂ ಉಳದಂಗಲ್ಲ."

ಸೆ. ೧೯
ಒಂದೇ ಮನೆ ಬಾಕಿ. ಬಾವಿಯ ಪಕ್ಕದ್ದು. ಮಕ್ತುಮಬಿಗೂ ಆ ಮನೆಯವರ ಹೆಸರು ನೆನಪಾಗದು, ನನಗೂ. "ಮನಿ ಎಲ್ಲಿ ಓಡಿ ಹೋಗ್ತೈತ್ರಿ? ನೀರಾಗ ಐತಿ. ನಾಳಿ ಹೇಳ್ತೇನಿ."

ಸೆ. ೨೬
ಮಕ್ತುಮಬಿಗೆ ಲಕ್ವ. ಮಾತು ನಿಂತಿದೆ.

ಸೆ. ೩೦
ತೆರೆದೇ ಇಟ್ಟ ಟ್ರಾನ್ಸಾಕ್ಷನ್ನಿಂದ ಲಾಗ್ ಎಂಬ ದಾಖಲೆ ಬೆಳೆದು ಸರ್ವರಿನ ಡಿಸ್ಕ್ ತುಂಬುತ್ತಿದೆಯಂತೆ. ಮೃಣಾಲಿನಿ ಅಂದಳು, "ಕಮಿಟ್ ಮಾಡೂಣು, ಇಲ್ಲಾ ಎಲ್ಲಾ ಅಳಿಸಿ ರೋಲ್‌ಬ್ಯಾಕ್ ಮಾಡೂಣು. ನಡುವ ನಿಲ್ಲಾಕ ಬರಂಗಿಲ್ಲ, ಸರ್."
ಊರು ಮುಳುಗಿಸಿದಾಗಲೂ ಇದೇ ಮಾತು, ಇದೇ ಗಡುವು. ನೀರು ಏರುತ್ತಿತ್ತು, ನಾವು ಯಾವ ಸಾಮಾನು ಒಯ್ಯುವುದೆಂದು ಆರಿಸುತ್ತ ಕೂತಿದ್ದೆವು. ಸರ್ಕಾರ ಕೊಟ್ಟ ಹಣಕ್ಕಿದ್ದ ಪರಿಹಾರ ಎಂಬ ಪದವನ್ನು ಅಂದಿನಿಂದ ನಾನು ಬಳಸಿಲ್ಲ.
ನಾಳೆ ಮಾತು ಮುರಿಯುತ್ತೇನೆ. ಒಂದು ಮನೆ ಬಿಟ್ಟೇ ಕಮಿಟ್.

ಅಕ್ಟೋಬರ್ ೧, ಖಂಡೆ ಪೂಜೆ (ಆಯುಧಪೂಜೆ)
ಹೋದರೆ — ಸರ್ವರಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಹಸಿರು ದೀಪ ಆರಿತ್ತು. ಕಾರ್ಯದರ್ಶಿ ಪಾಂಡಪ್ಪ ಪೇಢೆ ಚಾಚಿದರು.
"ನಡಿಯೋ ಮಶೀನಿಗೆ ಪೂಜಿ ಮಾಡಬಾರದ್ರಿ. ಬಂದ್ ಮಾಡೇನಿ. ತಗೋರಿ, ಬಾಯಿ ಸಿಹಿ ಮಾಡ್ಕೋರಿ."
ಮೃಣಾಲಿನಿ ಮತ್ತೆ ಚಾಲೂ ಮಾಡಿದಳು. ಬಂದ್ ಆದಾಗಲೇ ಎಲ್ಲ ತಾನಾಗಿ ರೋಲ್‌ಬ್ಯಾಕ್ ಆಗಿತ್ತು. ಓಣಿ ಇಲ್ಲ. ಒಂದು ಮನೆಯೂ ಇಲ್ಲ.
ಡಿಸ್ಕಿನಲ್ಲಿ ಈಗ ಬೇಕಾದಷ್ಟು ಜಾಗ.

ಅ. ೩, ಸಂಜೆ, ದವಾಖಾನೆ
ಮಂಚದ ಪಕ್ಕ ಕೂತು ನೆನಪಿನಿಂದಲೇ ಬರೆಯುತ್ತಿದ್ದೇನೆ. ಕಾಗದದ ಮೇಲೆ. ಗಟ್ಟಿಯಾಗಿ ಹೇಳಿಕೊಂಡು. ತಪ್ಪಿದಲ್ಲಿ ಮಕ್ತುಮಬಿ ಚಿವುಟುತ್ತಾರೆ — ಎಡಗೈ ಇನ್ನೂ ಅವರದೇ. "ಅಮ್ಮೀ, ಮಾಸ್ತರ್ರ ಕೈ ಕೆಂಪಾತು, ಬಿಡು," ಎಂದಳು ಮಗಳು ಖುಶನುಮಾ. ಅಳುತ್ತಲೇ.
ಬಾವಿಯ ಪಕ್ಕದ ಮನೆ ಬಂತು. ಪೆನ್ನು ನಿಂತಿತು. ಹರಿದು ಒಗೆಯಲೇ ಎಂದು ಕೇಳಿದೆ.
ನನ್ನ ಮಣಿಕಟ್ಟು ಹಿಡಿದರು. ಒಂದು ಸಾಲು ಖಾಲಿ ಬಿಡಿಸಿ, ಪೆನ್ನನ್ನು ಕೆಳಗಿನ ಸಾಲಿಗೆ ತಂದಿಟ್ಟರು.
ಅದರ ಮುಂದಿನ ಮನೆ. ಮೊನ್ನೆಯವರೆಗೂ ಯಾರದೆಂದು ನನಗೆ ಗೊತ್ತಿತ್ತು. ನೀಲಿ ಬಾಗಿಲು, ಕಟ್ಟೆಯ ಮೇಲೆ ಒಳಕಲ್ಲು... ಅವರು ಕಾಯುತ್ತಿದ್ದಾರೆ. ನೀಲಿ ಬಾಗಿಲು. ಅದು —