ಮುಚ್ಚಿಡದ ಎಡಗೈ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮೊಮ್ಮಗಳಿಗೆ,

ಹೇಗಿದ್ದೀಯೇ ಪುಟ್ಟಕ್ಕಾ? ನಿನ್ನ ರೂಮಿನ ಗೆಳತಿ ಆ ಗಿಡ್ಡಿಗೆ ಜ್ವರ ಇಳಿಯಿತೇ? ನಿಮ್ಮ ಪ್ರೊಫೆಸರಮ್ಮನ ಮಂಡಿನೋವು ಹೇಗಿದೆ? ಇಲ್ಲಿ ನಿನ್ನ ಅಪ್ಪ ಅಮ್ಮ ಸುಖವಾಗಿದ್ದಾರೆ. ನನ್ನ ಕಣ್ಣು ಇನ್ನೂ ಅಕ್ಷರದ ಕೈಬಿಟ್ಟಿಲ್ಲ. ನಿನ್ನ ಅತ್ತೆ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾಳೆ. ಅದನ್ನೇ ಬರೆಯಲು ಕೂತೆ.

ನೀನು ಮಾನವಶಾಸ್ತ್ರ ಓದ್ತೀನಿ ಅಂದಾಗ ನಿನ್ನಪ್ಪ, "ಮನುಷ್ಯರನ್ನ ನೋಡೋಕೆ ಯೂನಿವರ್ಸಿಟಿ ಯಾಕೆ, ಕಿಟಕಿ ತೆಗೆದ್ರೆ ಸಾಕಲ್ಲ" ಅಂದಿದ್ದ. ನಿನ್ನ ಪರ ನಿಂತವನು ನಾನೇ. ಇಸ್ತ್ರಿ ಬಟ್ಟೆ ಸುತ್ತಿದ ಪೇಪರು ಓದಿ ಅಕ್ಷರ ಕಲಿತವನು ನಾನು. ಈ ಕಾಲದ ಜನ ಅನ್ಯಾಯವನ್ನ ಯಾಕೆ ಅಭ್ಯಾಸ ಮಾಡ್ಕೊಳ್ತಾರೆ ಅಂತ ನಮ್ಮ ಮನೇಲಿ ಒಬ್ಬಳಾದರೂ ಓದಲಿ ಅನ್ನಿಸಿತು. ರಜೆಯಲ್ಲಿ ನೀನು ಅತ್ತೆಯ ಜೊತೆ ಲಾಂಡ್ರಿಗೆ ಹೋಗಿ, ಹಬೆಯಲ್ಲಿ ಬೆವೆತು ಚಾದರ ಮಡಿಸಿದೆ. ಅವಳಿಗೆ ಎಷ್ಟು ಹೆಮ್ಮೆ! ಕೆಲಸದವರು ಕೂರಬಾರದು ಅಂತ ಮಾಲೀಕ ಸ್ಟೂಲುಗಳನ್ನ ಒಳಗಿಟ್ಟು ಬೀಗ ಹಾಕೋದನ್ನ ಅವಳೇ ನಿನಗೆ ತೋರಿಸಿದಳು. ಯಾರೂ ಯಾಕೆ ಕೇಳಲ್ಲ ಅಂತ ನೀನು ಅಂದಿದ್ದಕ್ಕೆ, "ನಿಂತೂ ನಿಂತೂ ಈಗ ಕೂತ್ರೇನೇ ಭಯ ಕಣೇ" ಅಂದಳು.

ಆ ಮಾತು ನಿನ್ನ ಲೇಖನದಲ್ಲಿ ಸೇರಿ ನಿಮ್ಮ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚಾಯಿತು. ನೀನು ಹೆಸರು ಬದಲಿಸಿದ್ದೆ, ಊರು ಮರೆಮಾಚಿದ್ದೆ. ನಿಮ್ಮ ಶಾಸ್ತ್ರದ ನಿಯಮವಂತೆ. ಆದರೆ "ಎಡಗೈಯಲ್ಲಿ ಇಸ್ತ್ರಿ ಮಾಡುವ ಹೆಂಗಸು" ಅಂತ ಬರೆದೆಯಲ್ಲೇ! ಆ ಲಾಂಡ್ರಿಯಲ್ಲಿ ಎಡಗೈಯವಳು ಇನ್ಯಾರಿದ್ದಾರೆ? ಮಾಲೀಕನ ಮಗಳೂ ನಿಮ್ಮಲ್ಲೇ ಓದೋದು. ಮನೆಗೆ ಬಂದವಳು ಊಟಕ್ಕೆ ಕೂತಾಗ ಅಪ್ಪನಿಗೆ ಓದಿ ಹೇಳಿದಳಂತೆ. ಮರುದಿನ ಅವನು ನಿನ್ನ ಅತ್ತೆಗೆ ನಗುನಗುತ್ತಲೇ, "ಕೂತ್ರೆ ಭಯಾನಾ? ಹೋಗಿ ಮನೇಲಿ ಕೂತು ಅಭ್ಯಾಸ ಮಾಡ್ಕೊಳ್ಳಮ್ಮ" ಅಂದ. ಜೊತೆಯವರು ಯಾರೂ ತಲೆ ಎತ್ತಲಿಲ್ಲ. ಸ್ಟೂಲಿನ ಬೀಗ ಹಾಗೇ ಇದೆ. ಆ ಲೇಖನಕ್ಕೆ ಬಹುಮಾನ ಬಂತು ಅಂತ ನೀನು ಫೋನಿನಲ್ಲಿ ಕುಣಿದಾಗ ಅವಳು ಕೆಲಸ ಹೋದದ್ದನ್ನ ಮುಚ್ಚಿಟ್ಟು "ನಮ್ಮ ಹುಡುಗಿ" ಅಂತ ನಕ್ಕಳು. ಆಮೇಲೆ ಇಸ್ತ್ರಿಯಾಗಿದ್ದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡುತ್ತಾ ನಿಂತಳು. ನನಗೆ ನಗು ಬರಲಿಲ್ಲ. ನಮ್ಮನ್ನ ಚೆನ್ನಾಗೇ ನೋಡಿದೆ ಮಗಳೇ. ನಾವು ಎಲ್ಲಿ ಸಿಕ್ಕಿಬೀಳ್ತೀವಿ ಅನ್ನೋದನ್ನ ಮಾತ್ರ ನೋಡಲಿಲ್ಲ.

ಹೊಟ್ಟೆ ತುಂಬ ಉಣ್ಣು. ಬೈದರೂ ನನ್ನ ಆಶೀರ್ವಾದ ನಿನ್ನ ನೆತ್ತಿಯ ಮೇಲೇ ಇದೆ.

ನಿನ್ನ ತಾತ

ತಡಿ, ಮುಖ್ಯವಾದದ್ದೇ ಬಿಟ್ಟುಹೋಯಿತು: ಬರೆದದ್ದೆಲ್ಲ ಕಟ್ಟುಕಥೆ ಅಂತ ನೀನು ಅದೇ ಪತ್ರಿಕೆಯಲ್ಲಿ ಹಾಕಿಸಿದರೆ ಅವಳನ್ನ ವಾಪಸು ಕರೀತೀನಿ ಅಂತ ಮಾಲೀಕ ಹೇಳಿ ಕಳಿಸಿದ್ದಾನೆ. ನಿನ್ನಪ್ಪ ಹಾಕಿಸಲಿ ಅಂತಾನೆ. ಅತ್ತೆ, "ನಾನು ಹೇಳಿದ್ದು ಸುಳ್ಳಾ? ಹಾಗೆ ಬರೆದ್ರೆ ಅವಳ ಮುಖ ನೋಡಲ್ಲ" ಅಂತಾಳೆ. ಕಟ್ಟುಕಥೆ ಅಂತ ನೀನು ಬರೆಯಬೇಡ. ನೀನೇ ಬಾ. ಅವಳ ಪಕ್ಕ ನಿಂತು, ಆ ಬೀಗ ತೆಗೀರಿ ಅಂತ ಅವನ ಮುಖಕ್ಕೇ ಹೇಳು. ಯಾವತ್ತು ಬರ್ತೀಯ ಅಂತ ಬೇಗ ಬರಿ.